ಮದುವೆ ಡಿಸ್ನಿಯಲ್ಲಿ, ಮಲಗುವುದೆಲ್ಲಿ?

ಈ ಬಾರಿ ಬಂದ ಪತ್ರಗಳಲ್ಲಿ ಅಮೆರಿಕದ ಫ್ಲೋರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ನದ್ದೇ ಕಾರುಬಾರು. ಮಕ್ಕಳು ಅಲ್ಲಿ ಹಸೆಮಣೆ ಏರಲು ಹೊರಟಿದ್ದಾರೆ, ನೆಂಟರು ಇಲ್ಲಿ ಕ್ಯಾಲ್ಕುಲೇಟರ್ ಹಿಡಿದು ಕುಳಿತಿದ್ದಾರೆ. ಹೋಟೆಲುಗಳ ಗುಂಪು ಬುಕಿಂಗ್ ವಿಭಾಗದಲ್ಲಿ ಕೂದಲು ನರೆಸಿಕೊಂಡವಳು ನಾನು. ಹಾಗಾಗಿ ಈ ಸಲದ ಪುಟ ಪೂರ್ತಿ ಕೋಣೆಗಳ ವಿಚಾರಕ್ಕೇ ಮೀಸಲು.

ಪ್ರಶ್ನೆ: ನನ್ನ ಅಣ್ಣನ ಮಗನ ಮದುವೆ ವಾಲ್ಟ್ ಡಿಸ್ನಿ ವರ್ಲ್ಡ್‌ನ ವೆಡ್ಡಿಂಗ್ ಪೆವಿಲಿಯನ್‌ನಲ್ಲಿ ನಡೆಯಲಿದೆ. ಆಮಂತ್ರಣದ ಜೊತೆ ಬಂದ ಸೂಚನೆಯಲ್ಲಿ, ‘ಅತಿಥಿಗಳೆಲ್ಲರೂ ನಾವು ಗೊತ್ತುಪಡಿಸಿದ ಡಿಸ್ನಿ ಹೋಟೆಲಿನಲ್ಲಿಯೇ ಮೂರು ರಾತ್ರಿ ತಂಗಬೇಕು, ಇಂಥ ದಿನಾಂಕದೊಳಗೆ ಕೋಣೆ ಕಾದಿರಿಸಬೇಕು’ ಎಂದಿದೆ. ನಾವು ಐದು ಜನ. ಹತ್ತಿರದ ಕಿಸ್ಸಿಮ್ಮಿಯಲ್ಲಿ ಅಡುಗೆಮನೆ ಇರುವ ಬಾಡಿಗೆ ಮನೆ ನಮಗೆ ಅಗ್ಗವಾಗಿ ಕಾಣುತ್ತಿದೆ. ಡಿಸ್ನಿ ಹೋಟೆಲಿನಲ್ಲಿ ಇಳಿಯದಿದ್ದರೆ ಮದುವೆಗೆ ಬಿಡುವುದಿಲ್ಲವೇ? ಅಣ್ಣನನ್ನು ಕೇಳಿದರೆ ‘ನೋಡೋಣ, ಮಕ್ಕಳನ್ನು ಕೇಳಿ ಹೇಳುತ್ತೇನೆ’ ಎನ್ನುತ್ತಾರೆ.
– ಓದುಗರೊಬ್ಬರು, ಮೈಸೂರು

ಉತ್ತರ: ಬಿಡುತ್ತಾರೆ, ನಿಶ್ಚಿಂತೆಯಿಂದಿರಿ. ವೆಡ್ಡಿಂಗ್ ಪೆವಿಲಿಯನ್ ಇರುವುದು ಥೀಮ್ ಪಾರ್ಕಿನ ಒಳಗಲ್ಲ. ಗ್ರ್ಯಾಂಡ್ ಫ್ಲೋರಿಡಿಯನ್ ಹೋಟೆಲಿನ ಪಕ್ಕದಲ್ಲಿ, ಸೆವೆನ್ ಸೀಸ್ ಲಗೂನ್ ಎಂಬ ಕೆರೆಯ ಅಂಚಿನಲ್ಲಿದೆ. 1995ರಲ್ಲಿ ತೆರೆದದ್ದು. ವಧೂವರರು ನಿಲ್ಲುವ ಜಾಗದ ಹಿಂದಿನ ಕಿಟಕಿಯಿಂದ ನೀರಿನಾಚೆ ಸಿಂಡರೆಲ್ಲಾಳ ಕೋಟೆ ಕಾಣಿಸುತ್ತದೆ. ಹಣ ತೆರುವುದು ಮುಖ್ಯವಾಗಿ ಆ ನೋಟಕ್ಕೆ. ಅಲ್ಲಿಗೆ ಹೋಗಲು ಪಾರ್ಕಿನ ಟಿಕೆಟ್ ಬೇಡ, ಕೋಣೆಯ ಬೀಗದ ಕೈಯೂ ಬೇಡ. ಕಾರಿನಲ್ಲಿ ಬಂದವರನ್ನು ಹೋಟೆಲಿನ ಗೇಟಿನಲ್ಲಿ ಕಾವಲಿನವರು ನಿಲ್ಲಿಸಿ ಗುರುತಿನ ದಾಖಲೆ ಕೇಳುತ್ತಾರೆ, ಬಂದ ಕೆಲಸವೇನು ಎಂದು ವಿಚಾರಿಸುತ್ತಾರೆ. ಆಗ ವಧೂವರರ ಪೂರ್ತಿ ಹೆಸರು ಹೇಳಿ. ಪಾಸ್‌ಪೋರ್ಟ್ ಕೈಯಲ್ಲಿರಲಿ, ಆಮಂತ್ರಣ ಮೊಬೈಲಿನಲ್ಲಿರಲಿ. ನೀವು ಹುಡುಗನ ಸೋದರತ್ತೆ ಎಂಬ ಗತ್ತು ಗೇಟು ದಾಟಿದ ಮೇಲೆ ಉಪಯೋಗಕ್ಕೆ ಬರುತ್ತದೆ, ಗೇಟಿನಲ್ಲಿ ಅಲ್ಲ.

ಹಾಗಾದರೆ ಆ ‘ತಂಗಬೇಕು’ ಎಲ್ಲಿಂದ ಬಂತು? ಆ ಬೇಕು ಹೋಟೆಲಿನವರು ನಿಮಗೆ ಹೇಳಿದ್ದಲ್ಲ, ನಿಮ್ಮ ಅಣ್ಣನ ಮಗನಿಗೆ ಹೇಳಿದ್ದು. ಅವನು ಅದನ್ನು ನಿಮಗೆ ದಾಟಿಸಿದ್ದಾನೆ. ಮದುವೆಗೆಂದು ಒಂದಿಷ್ಟು ಕೋಣೆಗಳನ್ನು ಒಟ್ಟಿಗೆ ತೆಗೆದಿರಿಸುವುದಕ್ಕೆ ರೂಮ್ ಬ್ಲಾಕ್ ಎನ್ನುತ್ತಾರೆ. ಇದರಲ್ಲಿ ಎರಡು ಜಾತಿ. ಒಂದರಲ್ಲಿ ಹೋಟೆಲು ಕೋಣೆಗಳನ್ನು ಸುಮ್ಮನೆ ಹಿಡಿದಿಟ್ಟಿರುತ್ತದೆ. ಕಟ್-ಆಫ್ ದಿನಾಂಕದವರೆಗೆ ಯಾರು ಬುಕ್ ಮಾಡಿದರೋ ಅವರಿಗೆ ಗುಂಪಿನ ದರ ಸಿಗುತ್ತದೆ. ಉಳಿದ ಕೋಣೆಗಳು ಮರುದಿನ ಸಾರ್ವಜನಿಕ ಮಾರಾಟಕ್ಕೆ ಹೋಗುತ್ತವೆ. ಯಾರಿಗೂ ನಷ್ಟವಿಲ್ಲ. ಇನ್ನೊಂದರಲ್ಲಿ ವಧೂವರರು ಸಹಿ ಹಾಕಿ, ಇಷ್ಟು ಕೋಣೆ ತುಂಬಿಸುತ್ತೇವೆ ಎಂದು ಮಾತು ಕೊಟ್ಟಿರುತ್ತಾರೆ. ಕರಾರಿನಲ್ಲಿ ಅಟ್ರಿಷನ್ ಎಂಬ ತಲೆಬರಹದ ಕೆಳಗೆ ಒಂದು ಸಣ್ಣ ಕಂಡಿಕೆ ಇರುತ್ತದೆ. ಮದುವೆ ಮನೆಯವರ ನಿದ್ದೆ ಕೆಡಿಸುವುದು ಅದೇ.

ಉದಾಹರಣೆಗೆ, 30 ಕೋಣೆ, ಮೂರು ರಾತ್ರಿ ಎಂದು ಬರೆದುಕೊಟ್ಟಿದ್ದಾರೆ ಎನ್ನೋಣ. ಹೋಟೆಲಿನ ಲೆಕ್ಕದಲ್ಲಿ ಅದು 90 ಕೋಣೆ-ರಾತ್ರಿ. ಶೇಕಡಾ 80ರಷ್ಟು ತುಂಬಿಸಲೇಬೇಕು ಎಂದು ಕರಾರಿನಲ್ಲಿದ್ದರೆ 72. ನೆಂಟರೆಲ್ಲ ‘ನಾವು ಬೇರೆ ಕಡೆ ಇಳಿಯುತ್ತೇವೆ’ ಎಂದು ಜಾರಿಕೊಂಡು 60 ಮಾತ್ರ ತುಂಬಿತು ಎಂದರೆ, ಕೊರತೆಯಾದ 12ರ ಬಾಡಿಗೆಯನ್ನು ವಧೂವರರು ತೆರಬೇಕು. ರಾತ್ರಿಗೆ 250 ಡಾಲರ್ ಎಂದು ಹಿಡಿದರೂ 3,000 ಡಾಲರ್. ಯಾರೂ ಮಲಗದ ಹಾಸಿಗೆಗೆ! ನಿಮ್ಮ ಅಣ್ಣ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತನಾಡುತ್ತಿರುವುದು ಬಹುಶಃ ಇದಕ್ಕೇ. ಒಡಹುಟ್ಟಿದವಳಿಗೆ ‘ನೀನು ಬಾರದಿದ್ದರೆ ನಮಗೆ ದಂಡ’ ಎಂದು ಬಾಯಿಬಿಟ್ಟು ಹೇಳುವುದು ಹೇಗೆ?

ಆದ್ದರಿಂದ ಕೇಳುವ ಪ್ರಶ್ನೆಯನ್ನು ಬದಲಾಯಿಸಿ. ‘ನಾವು ಅಲ್ಲೇ ಇಳಿಯಬೇಕೇ’ ಎಂದರೆ ಸಂಕೋಚದ ಉತ್ತರವೇ ಬರುತ್ತದೆ. ‘ಕೋಣೆ ಕಡಿಮೆಯಾದರೆ ನಿಮ್ಮ ಮೇಲೆ ಹೊರೆ ಬೀಳುತ್ತದೆಯೇ, ಬೀಳುವುದಾದರೆ ಯಾವ ದಿನಾಂಕದೊಳಗೆ ತಿಳಿಸಿದರೆ ಸಂಖ್ಯೆ ಇಳಿಸಬಹುದು’ ಎಂದು ಅಣ್ಣನನ್ನಲ್ಲ, ಹುಡುಗನನ್ನೇ ಕೇಳಿ. ಎಷ್ಟೋ ಕರಾರುಗಳಲ್ಲಿ ಒಂದು ಗಡುವಿನೊಳಗೆ ಕೋಣೆಗಳನ್ನು ದಂಡವಿಲ್ಲದೆ ಕಡಿಮೆ ಮಾಡಿಕೊಳ್ಳಲು ಅವಕಾಶವಿರುತ್ತದೆ. ಕಿಸ್ಸಿಮ್ಮಿಯಲ್ಲಿ ಇಳಿದಿದ್ದಕ್ಕೆ ಯಾರೂ ಮುನಿಸಿಕೊಳ್ಳುವುದಿಲ್ಲ. ಕೊನೆಯ ವಾರದವರೆಗೆ ಬರುತ್ತೇವೆ ಬರುತ್ತೇವೆ ಎಂದು ಹೇಳಿ ಬೇರೆ ಕಡೆ ಇಳಿದರೆ ಮುನಿಸಿಕೊಳ್ಳುತ್ತಾರೆ, ಅದು ಸರಿಯೂ ಹೌದು.

ಇನ್ನು ಅಗ್ಗದ ವಿಚಾರ. ಎರಡೂ ಕಡೆಯ ಪೂರ್ತಿ ಲೆಕ್ಕ ಹಾಕದೆ ಅಗ್ಗ ಎನ್ನಬೇಡಿ. ಡಿಸ್ನಿಯ ಬಹುಪಾಲು ಹೋಟೆಲುಗಳಿರುವ ಆರೆಂಜ್ ಕೌಂಟಿಯಲ್ಲಿ ಕೋಣೆ ಬಾಡಿಗೆಯ ಮೇಲೆ ಶೇಕಡಾ 12.5 ತೆರಿಗೆ ಸೇರುತ್ತದೆ. ಕಾಣುವ ದರ ಒಂದು, ಕೊಡುವ ದರ ಇನ್ನೊಂದು. ಡಿಸ್ನಿಯ ಸ್ವಂತ ಹೋಟೆಲುಗಳಲ್ಲಿ ರೆಸಾರ್ಟ್ ಶುಲ್ಕ ಎಂಬ ದಿನದ ಸುಲಿಗೆ ಇಲ್ಲ. ತಂಗಿದವರ ಕಾರಿಗೆ ರಾತ್ರಿಯ ಪಾರ್ಕಿಂಗ್ ಶುಲ್ಕವನ್ನು 2023ರ ಜನವರಿಯಲ್ಲಿ ಕೈಬಿಟ್ಟಿದ್ದಾರೆ. ಅದೇ ಆವರಣದಲ್ಲಿರುವ ಸ್ವಾನ್ ಮತ್ತು ಡಾಲ್ಫಿನ್ ಹೋಟೆಲುಗಳನ್ನು ಮ್ಯಾರಿಯಟ್ ನಡೆಸುತ್ತದೆ, ಅಲ್ಲಿ ಇವೆರಡನ್ನೂ ವಸೂಲು ಮಾಡುತ್ತಾರೆ. ನಿಮ್ಮ ಸೂಚನೆಯಲ್ಲಿರುವ ಹೋಟೆಲು ಯಾವುದೆಂದು ಒಮ್ಮೆ ನೋಡಿಕೊಳ್ಳಿ. ಬಾಡಿಗೆ ಮನೆಗೂ ತೆರಿಗೆ ಇದೆ, ಸ್ವಚ್ಛತೆಯ ಶುಲ್ಕ ಬೇರೆ. ಎಲ್ಲಕ್ಕಿಂತ ಹೆಚ್ಚಾಗಿ, ಕಿಸ್ಸಿಮ್ಮಿಯಲ್ಲಿ ಇಳಿದ ಮೇಲೆ ಕಾರು ಬಾಡಿಗೆಗೆ ಪಡೆಯಬೇಕು, ಇಲ್ಲವೇ ಪ್ರತಿ ಓಡಾಟಕ್ಕೂ ಟ್ಯಾಕ್ಸಿ ಕರೆಯಬೇಕು. ಡಿಸ್ನಿ ಹೋಟೆಲಿನಲ್ಲಿ ಇದ್ದವರಿಗೆ ಬಸ್ಸು, ದೋಣಿ, ಮಾನೊರೈಲು, 2019ರಿಂದ ಆಕಾಶದಲ್ಲಿ ತೇಲುವ ಸ್ಕೈಲೈನರ್ ರೋಪ್‌ವೇ ಎಲ್ಲವೂ ಬಿಟ್ಟಿ. ಮದುವೆ ಮನೆಯವರು ಕೋಚ್ ಬಸ್ಸು ಗೊತ್ತು ಮಾಡಿದ್ದರೆ ಅದೂ ಬ್ಲಾಕ್ ಇರುವ ಹೋಟೆಲಿನ ಬಾಗಿಲಿನಿಂದಲೇ ಹೊರಡುವುದು ವಾಡಿಕೆ. ರೇಷ್ಮೆ ಸೀರೆ ಉಟ್ಟು, ಫ್ಲೋರಿಡಾದ ಬೇಸಿಗೆಯ ಬೇಗೆಯಲ್ಲಿ ಟ್ಯಾಕ್ಸಿಗೆ ಕಾಯುವುದಕ್ಕೆ ಎಷ್ಟು ಡಾಲರ್ ಬೆಲೆ ಕಟ್ಟುತ್ತೀರಿ ಎಂಬುದನ್ನೂ ಲೆಕ್ಕಕ್ಕೆ ಸೇರಿಸಿ.

ನನ್ನನ್ನು ಕೇಳಿದರೆ, ಮದುವೆಯ ಹಿಂದಿನ ರಾತ್ರಿ ಮತ್ತು ಮದುವೆಯ ರಾತ್ರಿ ಬ್ಲಾಕ್‌ನ ಹೋಟೆಲಿನಲ್ಲಿದ್ದು, ಉಳಿದ ದಿನಗಳಿಗೆ ಕಿಸ್ಸಿಮ್ಮಿಯ ಮನೆಗೆ ಹೋಗಿ ಅನ್ನ-ಸಾರು ಮಾಡಿಕೊಳ್ಳಿ. ಮೂರು ರಾತ್ರಿ ಎಂಬುದು ಬಹಳ ಸಲ ಗುಂಪಿನ ಒಟ್ಟು ಲೆಕ್ಕ. ಎರಡು ರಾತ್ರಿಗೆ ಕೊಡುವುದು ಸಾಧ್ಯವೇ ಎಂದು ಕೇಳಿದರೆ ನಷ್ಟವೇನೂ ಇಲ್ಲ.

ಪ್ರಶ್ನೆ: ತಂಗಿಯ ಮಗಳ ಮದುವೆ ಡಿಸ್ನಿಯಲ್ಲಿ. ಕೋಣೆ ಬುಕ್ ಮಾಡಲು ಗಡುವು ಹತ್ತಿರ ಬಂದಿದೆ, ನಮಗೆ ಇನ್ನೂ ವೀಸಾ ಆಗಿಲ್ಲ. ಹೋಟೆಲ್ ರಸೀದಿ ಇಲ್ಲದೆ ವೀಸಾ ಕೊಡುವುದಿಲ್ಲ ಎಂದು ಏಜೆಂಟರು, ವೀಸಾ ಇಲ್ಲದೆ ಹಣ ಕಟ್ಟಬೇಡಿ ಎಂದು ಮಗ. ಯಾರ ಮಾತು ಕೇಳಬೇಕು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮಗನ ಮಾತು ಕೇಳಿ. ವೀಸಾ ಕೈಗೆ ಬರುವವರೆಗೆ ಪ್ರಯಾಣವನ್ನು ಅಂತಿಮಗೊಳಿಸಬೇಡಿ, ಟಿಕೆಟ್ ಕೊಳ್ಳಬೇಡಿ ಎಂದು ಅಮೆರಿಕದ ವಿದೇಶಾಂಗ ಇಲಾಖೆಯೇ ಅರ್ಜಿದಾರರಿಗೆ ಹೇಳುತ್ತದೆ. ಮದುವೆಗೆ ಹೋಗುವವರು ಕೇಳುವುದು ಬಿ-1/ಬಿ-2 ಸಂದರ್ಶಕ ವೀಸಾ. ಅದಕ್ಕೆ ಆಮಂತ್ರಣ ಪತ್ರವೂ ಕಡ್ಡಾಯವಲ್ಲ, ಹಣ ಕಟ್ಟಿದ ಹೋಟೆಲ್ ರಸೀದಿಯೂ ಕಡ್ಡಾಯವಲ್ಲ. ಡಿಎಸ್-160 ಅರ್ಜಿಯಲ್ಲಿ ಅಮೆರಿಕದಲ್ಲಿ ಎಲ್ಲಿ ತಂಗುತ್ತೀರಿ ಎಂಬ ವಿಳಾಸ ಕೇಳುತ್ತಾರೆ, ಅಷ್ಟೇ. ತಂಗಬೇಕೆಂದಿರುವ ಹೋಟೆಲಿನ ವಿಳಾಸವನ್ನೋ, ನಿಮ್ಮ ತಂಗಿ ಅಲ್ಲೇ ಇದ್ದರೆ ಅವರ ಮನೆಯ ವಿಳಾಸವನ್ನೋ ಬರೆಯಿರಿ. ಏಜೆಂಟರಿಗೆ ಕೋಣೆ ಬುಕ್ ಮಾಡಿಸುವುದರಲ್ಲಿ ಇಷ್ಟು ಆಸಕ್ತಿ ಏಕೆ ಎಂದು ನಿಮ್ಮಷ್ಟಕ್ಕೆ ಯೋಚಿಸಿಕೊಳ್ಳಿ.

ಗಡುವು ತಪ್ಪಿದರೆ ಗುಂಪಿನ ದರ ಹೋಗುತ್ತದೆ, ಕೋಣೆಯೂ ಸಿಗದೆ ಹೋಗಬಹುದು. ಅದಕ್ಕೆ ದಾರಿ ಇದೆ. ಡಿಸ್ನಿಯಲ್ಲಿ ಕೋಣೆಯನ್ನಷ್ಟೇ ಬುಕ್ ಮಾಡಿದರೆ ಸಾಮಾನ್ಯ ನಿಯಮದಂತೆ ಮೊದಲಿಗೆ ಒಂದು ರಾತ್ರಿಯ ಬಾಡಿಗೆಯನ್ನು ಮುಂಗಡವಾಗಿ ಪಡೆಯುತ್ತಾರೆ. ತಲುಪುವ ದಿನಕ್ಕೆ ಐದು ದಿನ ಮೊದಲು ರದ್ದು ಮಾಡಿದರೆ ಅದು ವಾಪಸು ಬರುತ್ತದೆ. ಆನ್‌ಲೈನ್ ಮೂಲಕವಾದರೆ ಆರು ದಿನ ಮೊದಲು. ಟಿಕೆಟ್, ಕೋಣೆ ಎರಡನ್ನೂ ಸೇರಿಸಿದ ಪ್ಯಾಕೇಜಿಗೆ ನಿಯಮ ಇದಕ್ಕಿಂತ ಬಿಗಿ. ವೀಸಾ ತೂಗುಯ್ಯಾಲೆಯಲ್ಲಿ ಇರುವವರು ಅದರ ತಂಟೆಗೆ ಹೋಗಬಾರದು. ಮದುವೆ ಬ್ಲಾಕ್‌ನ ಕೋಣೆಗೆ ಪ್ರತ್ಯೇಕ ಷರತ್ತು ಇರಬಹುದು. ಹಣ ಕಟ್ಟುವ ಪುಟದಲ್ಲಿ ರದ್ದತಿಯ ಸಾಲನ್ನು ಓದಿ, ಅದರ ಚಿತ್ರ ತೆಗೆದಿಟ್ಟುಕೊಂಡು, ಆಮೇಲೆ ಕಾರ್ಡ್ ಸಂಖ್ಯೆ ಹಾಕಿ.

ಕಾರ್ಡ್ ಎಂದಾಗ ನೆನಪಾಯಿತು. ಕೋಣೆಗೆ ಸೇರುವಾಗ ಇತರ ಖರ್ಚಿಗೆಂದು ಕೌಂಟರಿನಲ್ಲಿ ಒಂದು ಕಾರ್ಡ್ ಕೇಳುತ್ತಾರೆ. ಹೋಟೆಲುಗಳು ಅದರಲ್ಲಿ ಒಂದಿಷ್ಟು ಮೊತ್ತವನ್ನು ತಡೆಹಿಡಿಯುವುದು ಎಲ್ಲ ಕಡೆಯೂ ಇರುವ ಪದ್ಧತಿ. ಫಾರೆಕ್ಸ್ ಕಾರ್ಡನ್ನೋ ಡೆಬಿಟ್ ಕಾರ್ಡನ್ನೋ ಕೊಟ್ಟರೆ ಆ ಹಣ ಬಿಡುಗಡೆಯಾಗುವವರೆಗೆ ನಿಮ್ಮ ಕೈಗೆ ಸಿಗುವುದಿಲ್ಲ. ವಿದೇಶಿ ಬಳಕೆಗೆ ಚಾಲನೆ ಮಾಡಿಸಿದ ಕ್ರೆಡಿಟ್ ಕಾರ್ಡ್ ಒಂದು ಇರಲಿ.

ಪ್ರಶ್ನೆ: ನಾವು ಆರು ಜನ, ಎಲ್ಲರೂ ಮನೆಯವರೇ. ಒಂದೇ ಕೋಣೆಯಲ್ಲಿ ಹೊಂದಿಕೊಂಡು ಮಲಗುತ್ತೇವೆ. ಚಾಪೆ ಹಾಸಿಕೊಳ್ಳುವುದು ನಮಗೆ ಅಭ್ಯಾಸ. ಹೋಟೆಲಿನವರು ಒಪ್ಪುತ್ತಾರೆಯೇ?
– ಓದುಗರೊಬ್ಬರು, ಶಿರಸಿ

ಉತ್ತರ: ಒಪ್ಪುವುದಿಲ್ಲ. ಕೋಣೆಗೆ ಇಷ್ಟೇ ಜನ ಎಂಬ ಮಿತಿ ಬೆಂಕಿ ಸುರಕ್ಷತೆಯ ನಿಯಮಕ್ಕೂ ಸಂಬಂಧಿಸಿದ್ದು. ಕೌಂಟರಿನಲ್ಲಿರುವ ಹುಡುಗಿ ಮನಸ್ಸು ಕರಗಿ ಸಡಿಲಿಸುವಂಥದ್ದಲ್ಲ. ಪಾಪ್ ಸೆಂಚುರಿ, ಆಲ್-ಸ್ಟಾರ್‌ನಂಥ ಕಡಿಮೆ ದರದ ಡಿಸ್ನಿ ಹೋಟೆಲುಗಳ ಸಾಮಾನ್ಯ ಕೋಣೆಯಲ್ಲಿ ನಾಲ್ವರಿಗೆ ಅವಕಾಶ. ತೊಟ್ಟಿಲಲ್ಲಿ ಮಲಗುವ, ಮೂರು ವರ್ಷದೊಳಗಿನ ಮಗುವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆರು ಜನಕ್ಕೆ ಎರಡು ಕೋಣೆ ಪಡೆಯಿರಿ, ಇಲ್ಲವೇ ಆರ್ಟ್ ಆಫ್ ಆ್ಯನಿಮೇಷನ್ ಅಥವಾ ಆಲ್-ಸ್ಟಾರ್ ಮ್ಯೂಸಿಕ್ ಹೋಟೆಲಿನ ಕುಟುಂಬ ಸೂಟ್ ನೋಡಿ. ಅದರಲ್ಲಿ ಆರು ಜನಕ್ಕೆ ಜಾಗವಿದೆ, ಎರಡು ಸ್ನಾನದ ಮನೆಗಳಿವೆ. ಮದುವೆಯ ದಿನ ಬೆಳಗ್ಗೆ ಆರು ಜನಕ್ಕೆ ಎರಡು ಸ್ನಾನದ ಮನೆ ಎಂದರೆ ಅದೇ ದೊಡ್ಡ ಸೌಭಾಗ್ಯ.

ಇನ್ನೊಂದು ಮಾತು. ಒಂದು ಕೋಣೆಯಲ್ಲಿ 18 ತುಂಬಿದವರು ಇಬ್ಬರಿಗಿಂತ ಹೆಚ್ಚಿದ್ದರೆ ಡಿಸ್ನಿ ತಲೆಗಿಷ್ಟು ಎಂದು ಹೆಚ್ಚುವರಿ ಹಾಕುತ್ತದೆ. ವೆಬ್‌ಸೈಟಿನಲ್ಲಿ ಇಬ್ಬರೆಂದು ನಮೂದಿಸಿ ದರ ನೋಡಿ ಸಂತೋಷಪಡಬೇಡಿ. ಎಲ್ಲರ ಹೆಸರು, ವಯಸ್ಸು ಹಾಕಿಯೇ ನೋಡಿ.

ಪ್ರಶ್ನೆ: ಮಗಳ ಮದುವೆ ಗೊತ್ತಾಗಿದೆ, ಡಿಸ್ನಿಯಲ್ಲೇ ಆಗಬೇಕೆಂದು ಇಬ್ಬರೂ ಪಟ್ಟು ಹಿಡಿದಿದ್ದಾರೆ. ಕರಾರಿಗೆ ಇನ್ನೂ ಸಹಿ ಆಗಿಲ್ಲ. ನಮ್ಮಲ್ಲಿ ಬೀಗರ ಕಡೆಯವರನ್ನು ಛತ್ರದಲ್ಲಿ ಇಳಿಸುವುದು ಹೆಣ್ಣಿನ ಮನೆಯವರ ಹೊಣೆ. ಅಲ್ಲಿಯೂ ಕೋಣೆಗಳ ಬಿಲ್ಲನ್ನು ನಾವೇ ಕಟ್ಟಬೇಕೇ? ಮುಹೂರ್ತ ಬೆಳಗ್ಗೆ 9.30ಕ್ಕೆ.
– ತಾಯಿ, ಹಾಸನ

ಉತ್ತರ: ಅಮ್ಮಾ, ಮೊದಲು ಕೊನೆಯ ಸಾಲಿಗೆ ಬರುತ್ತೇನೆ. ನನಗೆ ಕಳವಳವಾದದ್ದು ಅದನ್ನು ಓದಿ. ಡಿಸ್ನಿ ಹೋಟೆಲುಗಳಲ್ಲಿ ಕೋಣೆ ಕೈಗೆ ಸಿಗುವುದು ಮಧ್ಯಾಹ್ನ 3ರ ನಂತರ, ಬಿಡಬೇಕಾದದ್ದು ಬೆಳಗ್ಗೆ 11ಕ್ಕೆ. ಮುಹೂರ್ತ 9.30ಕ್ಕೆ ಎಂದರೆ ಮದುವೆಯ ದಿನಕ್ಕೆ ಬುಕ್ ಮಾಡಿದ ಕೋಣೆ ಮದುವೆ ಮುಗಿದು ಊಟವಾದ ಮೇಲೆ ಸಿಗುತ್ತದೆ! ಹೂವು ಮುಡಿಸುವವರು, ಸೀರೆ ಉಡಿಸುವವರು, ಪುರೋಹಿತರು ಎಲ್ಲರೂ ಲಾಬಿಯಲ್ಲಿ ಪೆಟ್ಟಿಗೆ ಇಟ್ಟುಕೊಂಡು ನಿಲ್ಲಬೇಕಾಗುತ್ತದೆ. ಹಿಂದಿನ ರಾತ್ರಿಯನ್ನು ಎಲ್ಲರಿಗೂ ಸೇರಿಸಿ. ಅದಕ್ಕೂ ಹಿಂದಿನ ರಾತ್ರಿಯನ್ನು ಭಾರತದಿಂದ ಹೋಗುವವರಿಗೆ ಸೇರಿಸಿ, ವಿಮಾನ ತಪ್ಪಿದರೂ ಧಾರೆ ತಪ್ಪದಂತೆ. ಮರುದಿನ 11ಕ್ಕೆ ಕೋಣೆ ಖಾಲಿ ಮಾಡಬೇಕು ಎಂಬುದನ್ನು ವಯಸ್ಸಾದವರಿಗೆ ಮೊದಲೇ ಹೇಳಿಡಿ.

ಬಿಲ್ಲಿನ ವಿಚಾರ. ಅಮೆರಿಕದ ಮದುವೆಗಳಲ್ಲಿ ಅತಿಥಿಗಳು ತಮ್ಮ ಕೋಣೆಗೆ ತಾವೇ ಹಣ ಕೊಡುವುದು ರೂಢಿ. ಅಲ್ಲಿನ ಸ್ನೇಹಿತರು ಹಾಗೆಯೇ ಭಾವಿಸಿ ಬರುತ್ತಾರೆ. ಇಲ್ಲಿಂದ ಹೋಗುವ ಬೀಗರು ಛತ್ರದ ಲೆಕ್ಕದಲ್ಲಿ ಬರುತ್ತಾರೆ. ಗಂಡಾಂತರ ಇರುವುದು ಈ ಎರಡು ಊಹೆಗಳ ನಡುವೆ. ಯಾರ ಕೋಣೆ ಯಾರ ಖರ್ಚು ಎಂದು ಬೀಗರ ಜೊತೆ ಕುಳಿತು ಈಗಲೇ ಮಾತನಾಡಿ. ನಾಚಿಕೆಯ ಮಾತಲ್ಲ ಇದು. ಹತ್ತಿರದವರ ಕೋಣೆ ನಮ್ಮದು, ಉಳಿದವರದ್ದು ಅವರವರದ್ದು ಎಂದರೂ ಆಯಿತು, ಇಬ್ಬರೂ ಅರ್ಧರ್ಧ ಎಂದರೂ ಆಯಿತು. ಆಮಂತ್ರಣದಲ್ಲಿ ಮಾತ್ರ ಒಂದು ಸಾಲು ಸ್ಪಷ್ಟವಾಗಿರಲಿ: ಕೋಣೆ ಬಾಡಿಗೆ ಅತಿಥಿಗಳದ್ದು ಅಥವಾ ಆತಿಥೇಯರದ್ದು. ‘ವಸತಿ ವ್ಯವಸ್ಥೆ ಇದೆ’ ಎಂದಷ್ಟೇ ಬರೆದರೆ ಓದುವವರು ತಮಗೆ ಬೇಕಾದ ಅರ್ಥ ಮಾಡಿಕೊಳ್ಳುತ್ತಾರೆ.

ನೀವು ಕಟ್ಟುವ ಕೋಣೆಗಳನ್ನು ನಿಮ್ಮ ಹೆಸರಿನ ಒಟ್ಟು ಲೆಕ್ಕವಾದ ಮಾಸ್ಟರ್ ಬಿಲ್‌ಗೆ ಸೇರಿಸುವಾಗ ‘ಬಾಡಿಗೆ ಮತ್ತು ತೆರಿಗೆ ಮಾತ್ರ’ ಎಂದು ಬರೆಸಿ. ಡಿಸ್ನಿಯಲ್ಲಿ ಮ್ಯಾಜಿಕ್‌ಬ್ಯಾಂಡ್ ಎಂಬ ಕೈಪಟ್ಟಿ ಇದೆ. ಅದೇ ಕೋಣೆಯ ಬೀಗದ ಕೈ, ಕಾರ್ಡ್ ಜೋಡಿಸಿದರೆ ಅದೇ ಪರ್ಸು. ಅಂಗಡಿಯಲ್ಲಿ ಅದನ್ನು ಯಂತ್ರಕ್ಕೆ ಮುಟ್ಟಿಸಿ ಪಿನ್ ಒತ್ತಿದರೆ ಸಾಕು, ಮಿಕ್ಕಿ ಮೌಸ್‌ನ ಕಿವಿಯಿಂದ ಹಿಡಿದು ರಾತ್ರಿಯೂಟದವರೆಗೆ ಎಲ್ಲವೂ ಕೋಣೆಯ ಲೆಕ್ಕಕ್ಕೆ ಹೋಗಿ ಕೂರುತ್ತದೆ. ಬೀಗರ ಮೊಮ್ಮಕ್ಕಳ ಆಟಿಕೆಯ ಬಿಲ್ಲನ್ನು ಬೀಗರ ಮುಂದೆ ಹಿಡಿದು ಕೇಳುವ ಪ್ರಸಂಗ ಯಾರಿಗೂ ಬೇಡ.

ಸಹಿ ಇನ್ನೂ ಆಗಿಲ್ಲ ಎಂಬುದು ನಿಮ್ಮ ಪತ್ರದಲ್ಲಿರುವ ಒಳ್ಳೆಯ ಸುದ್ದಿ. ಕೋಣೆಗಳ ಸಂಖ್ಯೆಯನ್ನು ಆಸೆಯ ಮೇಲೆ ಬರೆಯಬೇಡಿ, ಬಂದೇ ಬರುವವರ ಮೇಲೆ ಬರೆಯಿರಿ. ಬೇಕಾದರೆ ಆಮೇಲೆ ಕೋಣೆ ಸೇರಿಸಿಕೊಳ್ಳಬಹುದು, ಸಹಿಯಾದ ಮೇಲೆ ಇಳಿಸುವುದು ಕಷ್ಟ. ಮಗಳಿಂದ ಮೂರು ವಿಷಯ ಲಿಖಿತವಾಗಿ ಕೇಳಿಸಿ. ತುಂಬದ ಕೋಣೆಯನ್ನು ಹೋಟೆಲು ಬೇರೆಯವರಿಗೆ ಮಾರಿದರೆ ಅದು ನಮ್ಮ ಕೊರತೆಯಿಂದ ಕಳೆಯುತ್ತದೆಯೇ? ಬ್ಲಾಕ್‌ನ ಹೊರಗೆ ಅದೇ ಹೋಟೆಲಿನಲ್ಲಿ ನಮ್ಮ ಅತಿಥಿಗಳು ಬುಕ್ ಮಾಡಿದ್ದರೆ ನಮ್ಮ ಲೆಕ್ಕಕ್ಕೆ ಸೇರುತ್ತದೆಯೇ? ಮದುಮಕ್ಕಳೇ ಎಷ್ಟು ರಾತ್ರಿ ಕಡ್ಡಾಯವಾಗಿ ತಂಗಬೇಕು? ಎರಡನೆಯದು ಸಣ್ಣದಾಗಿ ಕಾಣುತ್ತದೆ. ಆದರೆ ನೆಂಟರಲ್ಲಿ ಒಬ್ಬ ಚುರುಕಿನ ಸೋದರಮಾವ ಇದ್ದೇ ಇರುತ್ತಾನೆ. ಅವನು ಅಂತರ್ಜಾಲದಲ್ಲಿ ಹತ್ತು ಡಾಲರ್ ಕಡಿಮೆಗೆ ಅದೇ ಹೋಟೆಲಿನ ಕೋಣೆ ಹುಡುಕಿ, ಹತ್ತು ಜನಕ್ಕೆ ಹೇಳಿ, ನಿಮ್ಮ ಬ್ಲಾಕ್ ಖಾಲಿ ಮಾಡಿಸುತ್ತಾನೆ.

ಹೋಮದ ಬೆಂಕಿಯ ಮಾತು ನೀವು ಬರೆದಿಲ್ಲ. ಅದಕ್ಕೆ ಪ್ರತ್ಯೇಕ ಅನುಮತಿ ಬೇಕಾಗುತ್ತದೆ. ಕರಾರಿನ ದಿನವೇ ಕೇಳಿಸಿ.

ಪ್ರಶ್ನೆ: ಮದುವೆ ಸೆಪ್ಟೆಂಬರ್‌ನಲ್ಲಿ. ಚಂಡಮಾರುತ ಬಂದರೆ ಕೋಣೆಯ ಹಣ ಹೋಯಿತೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಅಟ್ಲಾಂಟಿಕ್‌ನ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ಸೆಪ್ಟೆಂಬರ್ ಅದರ ನಡುನೆತ್ತಿ. ನೀವು ತಲುಪುವ ದಿನಕ್ಕೆ ಏಳು ದಿನದೊಳಗೆ ಅಮೆರಿಕದ ರಾಷ್ಟ್ರೀಯ ಹರಿಕೇನ್ ಕೇಂದ್ರ ಡಿಸ್ನಿ ಇರುವ ಒರ್ಲಾಂಡೊ ಪ್ರದೇಶಕ್ಕೆ ಚಂಡಮಾರುತದ ಎಚ್ಚರಿಕೆ ಹೊರಡಿಸಿದರೆ, ಡಿಸ್ನಿಯಿಂದಲೇ ನೇರವಾಗಿ ಬುಕ್ ಮಾಡಿದ ಕೋಣೆಯನ್ನು ದಂಡವಿಲ್ಲದೆ ರದ್ದು ಮಾಡಬಹುದು ಅಥವಾ ಮುಂದೂಡಬಹುದು. ವಿಮಾನದ ಟಿಕೆಟ್ಟಿಗೆ ಈ ಅಭಯವಿಲ್ಲ, ಪ್ರಯಾಣ ವಿಮೆ ಮಾಡಿಸಿ. ಅದನ್ನೂ ಚಂಡಮಾರುತಕ್ಕೆ ಹೆಸರಿಡುವ ಮೊದಲೇ ಮಾಡಿಸಬೇಕು. ಹೆಸರಿಟ್ಟ ಮೇಲೆ ಕೊಂಡ ವಿಮೆ ಆ ಚಂಡಮಾರುತಕ್ಕೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ.

ಪ್ರಶ್ನೆ: ಡಿಸ್ನಿ ಹೋಟೆಲಿನಲ್ಲಿ ಇಳಿದರೆ ವಿಮಾನ ನಿಲ್ದಾಣದಿಂದ ಉಚಿತ ಬಸ್ಸು, ಪಾರ್ಕಿಗೆ ಉಚಿತ ಪ್ರವೇಶ ಎಂದು ಹಿಂದೆ ಹೋಗಿ ಬಂದ ನಮ್ಮ ಭಾವ ಹೇಳುತ್ತಾರೆ. ನಿಜವೇ?
– ಓದುಗರೊಬ್ಬರು, ತುಮಕೂರು

ಉತ್ತರ: ಬಸ್ಸಿನ ಮಟ್ಟಿಗೆ ಭಾವನವರು ಹೇಳುವುದು ಹಳೆಯ ಸತ್ಯ. ಮ್ಯಾಜಿಕಲ್ ಎಕ್ಸ್‌ಪ್ರೆಸ್ ಎಂಬ ಆ ಉಚಿತ ಬಸ್ಸು 2022ರ ಜನವರಿಯಲ್ಲಿ ನಿಂತಿತು. ಈಗ ಹಣ ಕೊಟ್ಟು ಶಟಲ್ ಹಿಡಿಯಬೇಕು, ಇಲ್ಲವೇ ಟ್ಯಾಕ್ಸಿ. ಪಾರ್ಕಿನ ಟಿಕೆಟ್ ಕೋಣೆಯ ಬಾಡಿಗೆಯಲ್ಲಿ ಸೇರಿಲ್ಲ, ಮದುವೆಯ ಆಮಂತ್ರಣದಲ್ಲಿಯೂ ಸೇರಿಲ್ಲ. ಟಿಕೆಟ್ ಕೊಂಡ ಮೇಲೆ, ಹೋಟೆಲಿನಲ್ಲಿ ತಂಗಿದವರನ್ನು ಉಳಿದವರಿಗಿಂತ ಅರ್ಧ ಗಂಟೆ ಮೊದಲು ಪಾರ್ಕಿನ ಒಳಗೆ ಬಿಡುತ್ತಾರೆ. ಮದುವೆಯ ಮರುದಿನ ಬೆಳಗ್ಗೆ ಅಷ್ಟು ಹೊತ್ತಿಗೆ ಏಳುವವರು ನಿಮ್ಮ ಗುಂಪಿನಲ್ಲಿ ಯಾರು ಎಂದು ತಿಳಿದುಕೊಂಡೇ ಟಿಕೆಟ್ ಕೊಳ್ಳಿ.